ಹೆಸರಿಲ್ಲದ ಡಬ್ಬಿ

ಈಗ ನಾನು ಬೆಳಿಗ್ಗೆ ಎದ್ದ ಕೂಡಲೇ ಕನ್ನಡಿ ನೋಡುವುದಿಲ್ಲ. ಮೊದಲು ಕಾಲು ನೋಡಿಕೊಳ್ಳುತ್ತೇನೆ. ಬಾವಿಲ್ಲದೆ ಪಾದದ ಗಂಟು ಎದ್ದು ಕಾಣಿಸಿದರೆ ಅದು ಒಳ್ಳೆಯ ದಿನ. ಕಾಣಿಸದಿದ್ದರೆ ಅವ್ವನಿಗೆ ಹೇಳದೆ ಡಾಕ್ಟರಿಗೆ ಫೋನ್ ಮಾಡುತ್ತೇನೆ. ಎರಡು ವರ್ಷದ ಹಿಂದೆ ನನ್ನ ದಿನ ಕನ್ನಡಿಯಿಂದ ಶುರುವಾಗಿ ಕನ್ನಡಿಯಲ್ಲೇ ಮುಗಿಯುತ್ತಿತ್ತು. ಆ ಚಟ ನನ್ನ ಮೂತ್ರಪಿಂಡಕ್ಕೆ ಹೇಗೆ ಬಂತು, ಅಲ್ಲಿಂದ ನನ್ನ ತಂಗಿಯ ಮೈಗೆ ಹೇಗೆ ಹೋಯಿತು ಎಂಬುದನ್ನು ಬರೆಯುತ್ತಿದ್ದೇನೆ. ನಾಚಿಕೆಯಿಂದ ಮುಚ್ಚಿಟ್ಟಿದ್ದಕ್ಕೇ ಇಷ್ಟು ದೊಡ್ಡದಾಯಿತು. ಇನ್ನು ಮುಚ್ಚಿಡುವುದಿಲ್ಲ.

ನನ್ನ ಹೆಸರು ಸುಜಾತಾ. ನಮ್ಮೂರು ಕಮಲಾಪುರ. ಅಪ್ಪ ತಹಶೀಲ್ ಕಚೇರಿಯಲ್ಲಿ ಜವಾನ. ಅವ್ವ ಬೇರೆಯವರ ಕೆಂಪು ಬಾಳೆಯ ತೋಟಗಳಿಗೆ ಕೂಲಿಗೆ ಹೋಗುತ್ತಾಳೆ. ನನಗಿಂತ ನಾಲ್ಕು ವರ್ಷ ಚಿಕ್ಕವಳಾದ ತಂಗಿ ವೈಶಾಲಿ ಊರಿನ ಒಂದು ಶಾಲೆಯಲ್ಲಿ ಪಾಠ ಹೇಳುತ್ತಾಳೆ. ನಾವು ನಾಲ್ವರೂ ಕಪ್ಪು. ನಮ್ಮ ಮನೆಯಲ್ಲಿ ಬಣ್ಣದ ಮಾತು ಬರುತ್ತಿರಲಿಲ್ಲ. ಗೋಡೆಯ ಮೇಲೆ ಬುದ್ಧನ ಫೋಟೊ, ಪಕ್ಕದಲ್ಲಿ ಅಂಗೈ ಅಗಲದ ಕನ್ನಡಿ. ಅದರಲ್ಲಿ ಅಪ್ಪ ಗಡ್ಡ ಕೆರೆದುಕೊಳ್ಳುತ್ತಿದ್ದ, ನಾವು ಬೈತಲೆ ತೆಗೆದುಕೊಳ್ಳುತ್ತಿದ್ದೆವು, ಅಷ್ಟೇ.

ಡಿಗ್ರಿ ಮುಗಿದ ಮೇಲೆ ನನಗೆ ಕಲಬುರಗಿಯಲ್ಲಿ, ಸ್ಟೇಶನ್ ಬಜಾರದ ಹತ್ತಿರ ಒಂದು ದೊಡ್ಡ ಸೀರೆ ಅಂಗಡಿಯಲ್ಲಿ ಕೆಲಸ ಸಿಕ್ಕಿತು. ಗಿರಾಕಿಗಳು ಆರಿಸಿದ ಸೀರೆಯನ್ನು ಮೈಮೇಲೆ ಹೊದ್ದು ತೋರಿಸುವ ಕೆಲಸ. ನಾನು ಎತ್ತರ, ಕುತ್ತಿಗೆ ಉದ್ದ, ನಿಂತರೆ ಸೆರಗು ತಾನಾಗಿಯೇ ಚೆಂದ ಬೀಳುತ್ತಿತ್ತು. ಒಂದು ದಿನ ಅಂಗಡಿಯ ಮಾಲಕರು, "ಹೊರಗಿನವರನ್ನ ಯಾಕ ಕರೆಸೋದು? ಈ ಹುಡುಗಿನ್ನೇ ನಿಲ್ಲಸ್ರಿ ಫೋಟೊಕ್ಕ" ಎಂದರು. ಹಬ್ಬದ ಜಾಹೀರಾತಿಗೆ ನನ್ನ ಫೋಟೊ ತೆಗೆದರು. ಸೇಡಂ ರಸ್ತೆಯಲ್ಲಿ ಮೂರಂತಸ್ತಿನಷ್ಟು ಎತ್ತರದ ಬೋರ್ಡು ಏರಿತು.

ಭಾನುವಾರ ಅಪ್ಪ ಅವ್ವನನ್ನು ಕರೆದುಕೊಂಡು ಹೋಗಿ ಅದರ ಕೆಳಗೆ ನಿಲ್ಲಿಸಿದೆ. ಅವ್ವ ತಲೆ ಎತ್ತಿ ಬಹಳ ಹೊತ್ತು ನೋಡಿದಳು.

"ಸೀರಿ ಛಂದ ಅದ. ಈಕಿ ಯಾರು?" ಎಂದಳು.

ಅವಳು ತಮಾಷೆ ಮಾಡಿರಲಿಲ್ಲ. ಕಂಪ್ಯೂಟರಿನಲ್ಲಿ ನನ್ನ ಮುಖವನ್ನು ಎಷ್ಟು ಬೆಳ್ಳಗೆ ತೊಳೆದಿದ್ದರೆಂದರೆ ಹೆತ್ತವಳಿಗೇ ಗುರುತು ಸಿಗಲಿಲ್ಲ. ನನಗೆ ಆಗ ಅವಮಾನ ಅನಿಸಬೇಕಿತ್ತು. ಅನಿಸಿದ್ದು ಆಸೆ. ಮೇಲಿರುವವಳ ಹಾಗೆ ನಾನಾಗಬೇಕು ಎಂಬ ಆಸೆ.

ಮುಂದಿನ ಸಲ ಫೋಟೊ ತೆಗೆಯುವಾಗ ಫೋಟೊಗ್ರಾಫರ್ ಕ್ಯಾಮೆರಾ ಕೆಳಗಿಳಿಸಿ ಬೇಸರದಿಂದ ಹೇಳಿದ: "ಮಾರಿಗಿ ಪೌಡರ್ ಬಡದ್ರ ಕೈ ಬ್ಯಾರೆ ಕಾಣ್ತಾವ. ತಿದ್ದೋದ್ರಾಗ ನನ್ನ ಅರ್ಧ ದಿನ ಹೋಗ್ತದ. ಸ್ವಲ್ಪ ಬಣ್ಣದ ಕಡಿ ಲಕ್ಷ ಕೊಡವ್ವ." ಸುತ್ತ ಹತ್ತು ಜನ ಇದ್ದರು. ಯಾರೂ ನಗಲಿಲ್ಲ, ಅದೇ ಹೆಚ್ಚು ನೋವಾಯಿತು. ಅದು ಅವರಿಗೆಲ್ಲ ಲೈಟಿನ ತೊಂದರೆ ಇದ್ದ ಹಾಗೆ, ಸರಿಪಡಿಸಬೇಕಾದ ಒಂದು ಕೆಲಸ.

ನಮಗೆ ಮೇಕಪ್ ಮಾಡುತ್ತಿದ್ದವಳು ರೇಖಾ ಮೇಡಂ. ಸ್ವಂತ ಬ್ಯೂಟಿ ಪಾರ್ಲರ್ ಇತ್ತು. ಅವತ್ತು ನನ್ನನ್ನು ಪಕ್ಕಕ್ಕೆ ಕರೆದು ಒಂದು ಸಣ್ಣ ಡಬ್ಬಿ ಕೈಯಲ್ಲಿಟ್ಟಳು. ಬಿಳಿ ಮುಚ್ಚಳ. ಮೇಲೆ ಹೆಸರಿಲ್ಲ, ಒಳಗೆ ಏನಿದೆ ಎಂಬ ಚೀಟಿಯೂ ಇಲ್ಲ. "ಇದು ಹೊರದೇಶದ್ದು. ಎಲ್ಲಾರಿಗೂ ಕೊಡಂಗಿಲ್ಲ ನಾ. ಮೂರು ವಾರ ಹಚ್ಚಿ ನೋಡು, ನಿಮ್ಮವ್ವ ನಿನ್ನ ಗುರುತು ಹಿಡೀಬಾರದು" ಎಂದಳು.

ಮೂರು ವಾರ ಬೇಕಾಗಲಿಲ್ಲ. ಎರಡನೇ ವಾರಕ್ಕೇ ಮುಖ ತಿಳಿಯಾಯಿತು. ಸುಳ್ಳು ಹೇಳುವುದಿಲ್ಲ, ಆ ದಿನಗಳು ನನ್ನ ಜೀವನದಲ್ಲೇ ಸುಖದ ದಿನಗಳಾಗಿದ್ದವು. ನಿಂತ ಸ್ಕೂಟರಿನ ಕನ್ನಡಿ, ಬಸ್ಸಿನ ಕಿಟಕಿ, ಎಟಿಎಮ್ಮಿನ ಗಾಜಿನ ಬಾಗಿಲು, ಎಲ್ಲಿ ಮುಖ ಕಂಡರೂ ನಿಲ್ಲುತ್ತಿದ್ದೆ. ಒಡವೆ ಅಂಗಡಿಯವರು ಮದುಮಗಳ ಫೋಟೊಕ್ಕೆ ಕರೆದರು. ಸೋಲಾಪುರದಲ್ಲಿ ಒಂದು ಸೀರೆ ಪ್ರದರ್ಶನದಲ್ಲಿ ನಡೆದೆ. ಆದರೆ ಮುಖ ಬೆಳ್ಳಗಾದ ಹಾಗೆ ಕೈಗಳ ಮೇಲೆ ದ್ವೇಷ ಹುಟ್ಟಿತು. ಕುತ್ತಿಗೆಗೆ ಹಚ್ಚಿದೆ, ತೋಳಿಗೆ ಹಚ್ಚಿದೆ, ಪಾದಕ್ಕೂ ಹಚ್ಚಿದೆ. ಒಂದು ತಿಂಗಳು ಬರುತ್ತಿದ್ದ ಡಬ್ಬಿ ವಾರಕ್ಕೆ ಮುಗಿಯಿತು.

ಅದೇ ಹೊತ್ತಿಗೆ ವೈಶಾಲಿಗೆ ಒಂದು ಸಂಬಂಧ ಬಂತು. ಹುಡುಗನೂ ಟೀಚರ್. ನೋಡಿ ಹೋದ ಮೇಲೆ ಅವನ ತಾಯಿ, "ಹುಡುಗಿ ಶಾಣ್ಯಾಕಿ ಇದ್ದಾಳ. ಬಣ್ಣ ಒಂದ್ ಜರಾ ಕಮ್ಮಿ ಆತು" ಎಂದು ಹೇಳಿ ಕಳಿಸಿದಳು. ವೈಶಾಲಿ ಅದಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ, ಮಕ್ಕಳ ನೋಟ್‌ಬುಕ್ ತಿದ್ದುತ್ತಾ ಕೂತಿದ್ದಳು. ನಾನೇ ಅವಳ ಕೈಯಿಂದ ಪೆನ್ನು ಕಸಿದುಕೊಂಡೆ. ಎದುರಿಗೆ ಕೂಡಿಸಿಕೊಂಡು, ಡಬ್ಬಿ ತೆಗೆದು, ನನ್ನ ಬೆರಳಿನಿಂದಲೇ ಅವಳ ಕೆನ್ನೆಗೆ ಹಚ್ಚಿದೆ.

"ಬ್ಯಾಡ ಅಕ್ಕಾ, ನನಗ ಉರೀತದ."

"ಸುಮ್ಕಿರು. ಆಮೇಲೆ ನನಗ ಥ್ಯಾಂಕ್ಸ್ ಹೇಳ್ತಿ."

ಮೂರು ತಿಂಗಳಿಗೆ ಸಂಬಂಧ ಗಟ್ಟಿಯಾಯಿತು. ನಾನು ಗೆದ್ದೆ ಎಂದುಕೊಂಡೆ.

ಇದಾದ ಸ್ವಲ್ಪ ದಿನಕ್ಕೆ ನನ್ನ ಮುಖ ಬೆಳಿಗ್ಗೆ ಬಾತುಕೊಳ್ಳತೊಡಗಿತು. ಕಣ್ಣು ತೆರೆಯಲು ಕಷ್ಟವಾಗುತ್ತಿತ್ತು. ನಿದ್ದೆ ಕಡಿಮೆಯಾಗಿದೆ ಎಂದುಕೊಂಡೆ. ಸಂಜೆಗೆ ಚಪ್ಪಲಿಯ ಪಟ್ಟಿ ಪಾದದಲ್ಲಿ ಆಳವಾಗಿ ಮೂಡುತ್ತಿತ್ತು. ಮೂತ್ರದಲ್ಲಿ ಸೋಪಿನ ನೊರೆಯಂಥ ನೊರೆ, ನೀರು ಹಾಕಿದರೂ ಹೋಗುತ್ತಿರಲಿಲ್ಲ. ಅದನ್ನು ಯಾರಿಗೆ ಹೇಳುವುದು? ನನಗೆ ಚಿಂತೆಯಾದದ್ದು ಒಂದೇ, ದಪ್ಪ ಆಗುತ್ತಿದ್ದೇನೆ ಎಂದು. ರೊಟ್ಟಿ ಬಿಟ್ಟೆ. ದಿನಕ್ಕೊಂದು ಸೌತೆಕಾಯಿ ತಿಂದು ಇದ್ದೆ. ಆದರೂ ತೂಕ ಏರಿತು.

ದೀಪಾವಳಿ ಸೀರೆಗಳ ಫೋಟೊ ತೆಗೆಯುವ ದಿನ ಹಿಂದಿನ ತಿಂಗಳು ಹೊಲಿಸಿದ ಬ್ಲೌಸಿನೊಳಗೆ ನನ್ನ ತೋಳು ಹೋಗಲಿಲ್ಲ. ಎತ್ತರದ ಹಿಮ್ಮಡಿಯ ಚಪ್ಪಲಿಗೆ ಪಾದ ಇಳಿಯಲಿಲ್ಲ. ನನ್ನನ್ನು ಕುರ್ಚಿಯ ಮೇಲೆ ಕೂಡಿಸಿ, ಬ್ಲೌಸಿನ ಹಿಂಭಾಗ ಕತ್ತರಿಸಿ, ಪಿನ್ನು ಹಾಕಿ, ಎದೆಯ ಮೇಲಿನ ಫೋಟೊ ಮಾತ್ರ ತೆಗೆದರು. ಮುಗಿದ ಮೇಲೆ ಮಾಲಕರು ತಲೆ ತಗ್ಗಿಸಿಕೊಂಡೇ, "ಸ್ವಲ್ಪ ದಿನ ರೆಸ್ಟ್ ತಗೋ. ತೆಳ್ಳಗಾಗಿ ಬಾ" ಎಂದರು. ರೇಖಾ ಮೇಡಂ ನನ್ನ ಬೆನ್ನ ಹಿಂದೆ ನಿಂತು ಒಂದೊಂದಾಗಿ ಪಿನ್ನು ಬಿಚ್ಚಿದಳು.

ನಾನು ಡಾಕ್ಟರ ಹತ್ತಿರ ಹೋದದ್ದು ತೆಳ್ಳಗಾಗುವ ಮಾತ್ರೆ ಕೇಳಲು. ಆ ಡಾಕ್ಟರು ನನ್ನ ಮಾತು ಪೂರ್ತಿ ಕೇಳಲಿಲ್ಲ. ಬಗ್ಗಿ, ಹೆಬ್ಬೆರಳಿನಿಂದ ನನ್ನ ಮೊಣಕಾಲಿನ ಕೆಳಗೆ ಒತ್ತಿ ಹಿಡಿದು ಬಿಟ್ಟರು. ಅಲ್ಲಿ ಒಂದು ಕುಳಿ ಬಿದ್ದು ಹಾಗೆಯೇ ಉಳಿಯಿತು. ನಾವಿಬ್ಬರೂ ಅದನ್ನೇ ನೋಡುತ್ತಾ ಕೂತೆವು.

"ಮನಿಯವರು ಯಾರರೆ ಬಂದಾರೇನು?" ಎಂದು ಕೇಳಿದರು.

ಮರುದಿನ ಅಪ್ಪ ಬಂದ. ಸೇಡಂ ರಸ್ತೆಯ ದೊಡ್ಡ ದವಾಖಾನೆಯಲ್ಲಿ ಕಿಡ್ನಿ ಡಾಕ್ಟರ ಕೋಣೆಯ ಹೊರಗೆ ಕಬ್ಬಿಣದ ಕುರ್ಚಿಗಳ ಸಾಲಿನಲ್ಲಿ ಕೂತೆವು. ಎದುರಿನ ಬಾಗಿಲಿನ ಆಚೆ ಡಯಾಲಿಸಿಸ್. ಬಾಗಿಲು ತೆರೆದಾಗಲೆಲ್ಲ ಮಲಗಿದವರ ಪಾದಗಳು ಮಾತ್ರ ಸಾಲಾಗಿ ಕಾಣುತ್ತಿದ್ದವು. ಮುಖಗಳಿಲ್ಲ, ಪಾದಗಳು. ನನಗೆ ಅಳು ತಡೆಯಲಾಗಲಿಲ್ಲ. ಪಕ್ಕದಲ್ಲಿ ಬುರ್ಖಾ ಹಾಕಿದ್ದ ಒಬ್ಬ ಅಜ್ಜಿ ಕೂತಿದ್ದಳು. ಗಂಡನನ್ನು ವಾರಕ್ಕೆ ಎರಡು ಸಲ ಕರೆತರುತ್ತಾಳಂತೆ. ಅವಳು ಚೀಲದಿಂದ ಒಂದು ಮೋಸಂಬಿ ತೆಗೆದಳು, ಡಾಕ್ಟರು ಬೇಡ ಅಂದಾರು ಎಂದು ತಾನೇ ನೆನೆದು ಹೊಳ್ಳಿ ಒಳಗಿಟ್ಟಳು. ಆಮೇಲೆ ಏನೂ ಕೊಡಲಿಕ್ಕಿಲ್ಲದೆ ನನ್ನ ಬೆನ್ನ ಮೇಲೆ ಕೈ ಇಟ್ಟಳು. "ನಕ್ಕೋ ರೋ ಬೇಟಾ, ಅಳಬ್ಯಾಡ. ಅಳೋದ್ರಿಂದ ಇಲ್ಲಿ ನಂಬರ್ ಲಗೂ ಬರಂಗಿಲ್ಲ." ನಾನು ಅಳುತ್ತಲೇ ನಕ್ಕೆ.

ಬೆನ್ನಿನಿಂದ ಸೂಜಿ ಹಾಕಿ ಮೂತ್ರಪಿಂಡದ ಚೂರು ತೆಗೆದು ನೋಡಬೇಕು ಎಂದರು. ಬೋರಲು ಮಲಗಿ, ಹೊಟ್ಟೆಯ ಕೆಳಗೆ ದಿಂಬಿಟ್ಟುಕೊಂಡು, ಉಸಿರು ಹಿಡಿದೆ. ಸೂಜಿಯ ಯಂತ್ರ ಟಪ್ ಎಂದು ಸದ್ದು ಮಾಡಿತು. ಆಮೇಲೆ ಆರು ತಾಸು ಅಲುಗಾಡದೆ ಅಂಗಾತ ಮಲಗಬೇಕಿತ್ತು. ಅಪ್ಪ ಅಷ್ಟು ಹೊತ್ತೂ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದ. ಕಚೇರಿಯಲ್ಲಿ ಸಾಹೇಬರ ಬಾಗಿಲಿನ ಹೊರಗೆ ಕೂರುವ ಹಾಗೆ, ಕರೆದರೆ ಏಳಲು ತಯಾರಾಗಿ.

ವರದಿ ಬಂತು. ಮೈಯಲ್ಲಿರಬೇಕಾದ ಪ್ರೋಟೀನು ಮೂತ್ರದಲ್ಲಿ ಸೋರಿ ಹೋಗುತ್ತಿತ್ತು. ಡಾಕ್ಟರು ಕೇಳಿದರು: ನೋವಿನ ಮಾತ್ರೆ ನುಂಗುತ್ತಿದ್ದೆಯಾ? ನಾಟಿ ಔಷಧ? ಬೇರು, ಭಸ್ಮ, ಏನಾದರೂ? ಇಲ್ಲ, ಇಲ್ಲ, ಇಲ್ಲ ಎಂದೆ. ಕ್ರೀಮಿನ ಬಗ್ಗೆ ಅವರು ಕೇಳಲಿಲ್ಲ. ನಾನೂ ಹೇಳಲಿಲ್ಲ. ಮುಖಕ್ಕೆ ಹಚ್ಚುವುದು ಹೊಟ್ಟೆಯೊಳಗಿನ ಮೂತ್ರಪಿಂಡಕ್ಕೆ ಹೇಗೆ ಹೋದೀತು ಎಂದು ಆಮೇಲೆ ಎಲ್ಲರ ಮುಂದೆ ವಾದಿಸಿದ್ದೇನೆ. ಅದು ಅರ್ಧ ಮಾತ್ರ ನಿಜ. ಇನ್ನರ್ಧ ಏನೆಂದರೆ, ಅಪ್ಪ ಪಕ್ಕದಲ್ಲಿದ್ದ. ನನ್ನ ಬಿಳುಪು ಡಬ್ಬಿಯದು ಎಂದು ಅವನ ಮುಂದೆ ಹೇಳಲು ಬಾಯಿ ಬರಲಿಲ್ಲ.

ಸ್ಟೆರಾಯ್ಡ್ ಮಾತ್ರೆ ಶುರುವಾದವು. ಉಪ್ಪು ಬಂದಾಯಿತು. ಅವ್ವ ನನಗಾಗಿ ಉಪ್ಪಿಲ್ಲದ ಪುಂಡಿಪಲ್ಲೆ ಬೇರೆ ಮಾಡಿ, ಮೊದಲು ತಾನು ಒಂದು ತುತ್ತು ತಿಂದು, "ಏನೂ ಆಗಂಗಿಲ್ಲ, ಛಲೋನೇ ಅದ" ಎಂದು ಸುಳ್ಳು ಹೇಳುತ್ತಿದ್ದಳು. ಆದರೆ ಮಾತ್ರೆಯಿಂದ ಮುಖ ಇನ್ನಷ್ಟು ದುಂಡಗಾಯಿತು. ಗಲ್ಲದ ಮೇಲೆ ಮೊಡವೆ, ಕಿವಿಯ ಮುಂದೆ ಗಂಡಸರ ಹಾಗೆ ನವಿರು ಕೂದಲು. ನಾನು ಅಂಗೈ ಅಗಲದ ಆ ಕನ್ನಡಿಯ ಮುಂದೆ ನಿಂತು ಯೋಚಿಸಿದೆ: ಆಕಾರ ಹೋಯಿತು, ಬಣ್ಣವಾದರೂ ಉಳಿಯಲಿ. ಬಾಗಿಲು ಹಾಕಿಕೊಂಡು, ದಿನಾ, ಔಷಧಿ ನುಂಗಿದ ಮೇಲೆ, ಆ ಕ್ರೀಮನ್ನೇ ಮತ್ತೆ ಹಚ್ಚಿಕೊಂಡೆ.

ಡಾಕ್ಟರಿಗೆ ಅರ್ಥವಾಗಲಿಲ್ಲ. "ಇಷ್ಟೊತ್ತಿಗೆ ಇಳೀಬೇಕಿತ್ತಲ್ಲ" ಎಂದು ಪ್ರತಿ ಸಲ ವರದಿ ನೋಡಿ ಹಣೆ ಉಜ್ಜಿಕೊಳ್ಳುತ್ತಿದ್ದರು. ಇಡೀ ದಿನದ ಮೂತ್ರವನ್ನು ಒಂದು ಕ್ಯಾನಿನಲ್ಲಿ ಹಿಡಿದು ತರಲು ಹೇಳಿದರು. ಬೆಳಗಿನ ಮೊದಲ ಬಸ್ಸಿಗೆ ಐದು ಲೀಟರಿನ ಆ ಕ್ಯಾನನ್ನು ಚೀಲದಲ್ಲಿಟ್ಟು ಕಮಲಾಪುರದಿಂದ ಹೊರಟೆ. ಮನೆಯಲ್ಲಿದ್ದ ಗಟ್ಟಿ ಚೀಲ ಒಂದೇ, ಸೀರೆ ಅಂಗಡಿಯದು. ಅದರ ಮೇಲೆ ನನ್ನದೇ ಫೋಟೊ. ಪಕ್ಕದಲ್ಲಿ ಕೂತ ಹೆಂಗಸು ಚೀಲ ಮುಟ್ಟಿ ನೋಡಿ, "ಹಾಲೇನವ್ವ? ಬೆಚ್ಚಗ ಅದ" ಎಂದಳು. "ಹೌದ್ರಿ" ಎಂದೆ. ಅವಳು ಚೀಲದ ಮೇಲಿನ ಚಿತ್ರ ನೋಡಿದಳು, ನನ್ನ ಮುಖ ನೋಡಿದಳು, ಮತ್ತೆ ಕಿಟಕಿಯ ಹೊರಗೆ ನೋಡಿದಳು. ಅವಳಿಗೆ ಏನೂ ಹೊಳೆಯಲಿಲ್ಲ. ಕಲಬುರಗಿ ಬರುವವರೆಗೂ ಆ ಕ್ಯಾನನ್ನು ತೊಡೆಯ ಮೇಲೆ ಅವಚಿಕೊಂಡು ಕೂತೆ. ನಾನು ಸತ್ತರೂ ಒಳ್ಳೆಯದೇ ಎಂದು ಮೊದಲ ಸಲ ಅನಿಸಿದ್ದು ಆ ಬಸ್ಸಿನಲ್ಲಿ.

ಅದಕ್ಕಿಂತ ಕೆಟ್ಟದ್ದು ಇನ್ನೂ ಬರುವುದಿತ್ತು. ಒಂದು ಮುಂಜಾನೆ ವೈಶಾಲಿ ಶಾಲೆಗೆ ಹೊರಟವಳು ಬಾಗಿಲಲ್ಲಿ ನಿಂತು, "ಅಕ್ಕಾ, ನನ್ನ ಚಪ್ಪಲ್ ಯಾಕೋ ಬಿಗಿ ಆಗ್ಯಾವ" ಎಂದಳು. ತಿರುಗಿ ನೋಡಿದೆ. ಅವಳ ಕಣ್ಣಿನ ಕೆಳಗೆ ಎರಡು ನೀರಿನ ಚೀಲಗಳಿದ್ದ ಹಾಗೆ ಬಾವು. ನನ್ನ ಕೈಯಲ್ಲಿದ್ದ ಮಾತ್ರೆಯ ಡಬ್ಬ ಬಿದ್ದು ಮಾತ್ರೆಗಳೆಲ್ಲ ಅಂಗಳದ ತುಂಬ ಚೆಲ್ಲಿದವು.

ಅವತ್ತು ನಾವು ನಾಲ್ವರೂ ದವಾಖಾನೆಗೆ ಹೋದೆವು. ಡಾಕ್ಟರು ವೈಶಾಲಿಯ ವರದಿಯನ್ನು ನನ್ನ ವರದಿಯ ಪಕ್ಕದಲ್ಲಿಟ್ಟು ಬಹಳ ಹೊತ್ತು ನೋಡಿದರು. ಆಮೇಲೆ ಕನ್ನಡಕ ತೆಗೆದಿಟ್ಟು ನಮ್ಮ ನಾಲ್ವರ ಮುಖವನ್ನೂ ಒಂದೊಂದಾಗಿ ನೋಡಿದರು. ಅಪ್ಪ ಅವ್ವ ಒಂದು ಬಣ್ಣ. ನಾವಿಬ್ಬರೂ ಇನ್ನೊಂದು.

"ನಿಮ್ಮಿಬ್ಬರ ಮಾರಿಗೆ ಏನು ಹಚ್ಚೀರಿ?" ಎಂದರು.

ವೈಶಾಲಿ ನನ್ನ ಕಡೆ ತಿರುಗಿದಳು. ನನ್ನನ್ನು ನೋಡಿದಳು, ಅಷ್ಟೇ. ನಾನು ಪರ್ಸಿನಿಂದ ಡಬ್ಬಿ ತೆಗೆದು ಮೇಜಿನ ಮೇಲಿಟ್ಟೆ. ಹೌದು, ಅದು ಆಗಲೂ ನನ್ನ ಪರ್ಸಿನಲ್ಲೇ ಇತ್ತು.

ಡಾಕ್ಟರು ಬೈಯಲಿಲ್ಲ. "ಇವತ್ತೂ ಹಚ್ಚಿದಿಯೇನವ್ವ?" ಎಂದು ಕೇಳಿದರು. ತಲೆ ಆಡಿಸಿದೆ. ಡಬ್ಬಿಯನ್ನೂ ನಮ್ಮಿಬ್ಬರ ರಕ್ತವನ್ನೂ ಹೊರಗಿನ ಲ್ಯಾಬಿಗೆ ಕಳಿಸಿದರು. ವರದಿ ಬಂದಾಗ ತಿಳಿಯಿತು, ಕ್ರೀಮಿನಲ್ಲಿ ಪಾದರಸ ಇತ್ತು. ಮುಖದ ಚರ್ಮದಿಂದ ಇಳಿದು ಅದು ರಕ್ತದ ದಾರಿ ಹಿಡಿದು ಮೂತ್ರಪಿಂಡಕ್ಕೆ ಹೋಗಿತ್ತು. ವರದಿ ಓದಿ ಹೇಳಿದಾಗ ಅಪ್ಪ ಒಂದೇ ಪ್ರಶ್ನೆ ಕೇಳಿದ, ಅದೂ ನನಗಲ್ಲ, ಡಾಕ್ಟರಿಗೆ. "ಸಣ್ಣಾಕಿ ಉಳೀತಾಳೇನ್ರಿ?"

ದೊಡ್ಡವಳ ಬಗ್ಗೆ ಅವನು ಕೇಳಲಿಲ್ಲ. ಅವನಿಗೆ ಕೇಳಲು ಧೈರ್ಯವಾಗಲಿಲ್ಲ ಎಂದು ಈಗ ಗೊತ್ತು. ಅವತ್ತು ನನಗೆ ಹಾಗೆ ಅನಿಸಲಿಲ್ಲ.

ಮನೆಗೆ ಬಂದ ಮೇಲೆ ವೈಶಾಲಿ ನನ್ನ ಮುಂದೆ ನಿಂತು ಹೇಳಿದಳು: "ನಾ ಕೇಳಿದ್ನೇನು ನಿನಗ? ಕಪ್ಪಗ ಇದೀನಂತ ನಾ ಒಂದಿನರೆ ಅತ್ತಿದ್ನೇನು? ನೀ ಅತ್ತಿ. ನಿಂದು ನನಗ ಹಚ್ಚಿದಿ." ಅದಾದ ಮೇಲೆ ಅವಳು ನನ್ನೊಡನೆ ಮಾತು ಬಿಟ್ಟಳು. ವಾರದೊಳಗೆ ಗಂಡಿನ ಕಡೆಯವರಿಗೆ ಸುದ್ದಿ ಹೋಯಿತು. ಕಿಡ್ನಿ ಕೆಟ್ಟ ಹುಡುಗಿ ಬೇಡ ಎಂದು ಹೇಳಿ ಕಳಿಸಿದರು. ಆ ದಿನ ವೈಶಾಲಿ ಶಾಲೆಗೆ ರಜೆ ಹಾಕದೆ ಹೋಗಿ, ಐದನೇ ತರಗತಿಗೆ ಪಾಠ ಹೇಳಿ ಬಂದಳು.

ಅವತ್ತು ಸಂಜೆ ಅವ್ವ ಹಿತ್ತಲಿನ ನಲ್ಲಿಯ ಹತ್ತಿರ ಮುಖ ತೊಳೆಯುತ್ತಿದ್ದಳು. ಬಟ್ಟೆ ತೊಳೆಯುವ ಸಾಬೂನಿನಿಂದ, ಮತ್ತೆ ಮತ್ತೆ. ಕೆನ್ನೆ ಕೆಂಪಾಗಿ ಸಿಪ್ಪೆ ಏಳುವಷ್ಟು ಉಜ್ಜುತ್ತಿದ್ದಳು.

"ಅವ್ವಾ, ಏನ್ ಮಾಡಾಕತ್ತಿ?"

ಅವಳು ಕೈ ನಿಲ್ಲಿಸಿ, ಕಣ್ಣು ಮುಚ್ಚಿಕೊಂಡೇ ಹೇಳಿದಳು: "ನಾನೂ ಹಚ್ಕೊಂಡೀನವ್ವ. ನೀ ಇಲ್ಲದಾಗ, ಒಂದ್ ಬೆರಳು ತಕ್ಕೊಂಡು. ವೈಶಾಲಿ ಲಗ್ನದಾಗ ಬೀಗರ ಮುಂದ ನಿಂದ್ರಬೇಕಲ್ಲ ಅಂತ."

ಬಿಸಿಲಲ್ಲಿ ಬಾಳೆಗೊನೆ ಹೊತ್ತು ಐವತ್ತು ವರ್ಷ ದಾಟಿದ ನನ್ನ ಅವ್ವ. ನಾನು ನೆಲದ ಮೇಲೆ ಕೂತು ಅವಳ ಒದ್ದೆ ಕಾಲುಗಳನ್ನು ಹಿಡಿದುಕೊಂಡೆ. ಇಷ್ಟು ಅತ್ತದ್ದು ಸೂಜಿ ಹಾಕಿದಾಗಲೂ ಇಲ್ಲ. ಅವ್ವನ ಮೂತ್ರ, ರಕ್ತ ಪರೀಕ್ಷೆಗೆ ಕೊಟ್ಟೆವು. ವರದಿ ಬರುವ ಎರಡು ದಿನ ನಾನು ಬದುಕಿದ್ದೆನೋ ಇಲ್ಲವೋ ನೆನಪಿಲ್ಲ. ಕಲಬುರಗಿಯ ಶರಣಬಸವೇಶ್ವರ ಗುಡಿಯ ಮುಂದಿನ ಕಲ್ಲಿನ ಮೇಲೆ ಕೂತಿದ್ದೆ, ಒಳಗೆ ಹೋಗಲೂ ಇಲ್ಲ, ಬೇಡಿಕೊಳ್ಳಲೂ ಬರಲಿಲ್ಲ. ವರದಿ ಚೊಕ್ಕಟವಾಗಿತ್ತು. ಒಂದು ಬೆರಳಿನಷ್ಟರಲ್ಲೇ ಅವಳು ಉಳಿದಿದ್ದಳು.

ನಾನು ರೇಖಾ ಮೇಡಂ ಹತ್ತಿರ ಹೋದೆ, ಲ್ಯಾಬಿನ ಕಾಗದ ಹಿಡಿದುಕೊಂಡು. ಪಾರ್ಲರಿನಲ್ಲಿ ಒಬ್ಬ ಮದುಮಗಳು ಕೂತಿದ್ದಳು. ಕಾಗದ ನೋಡಿ ಮೇಡಂ ಮುಖ ಬಿಳಿಚಿಕೊಂಡಿತು. "ನನಗ ಗೊತ್ತಿರಲಿಲ್ಲ ಸುಜಾತಾ. ನನ್ನ ಮಗಳ ಆಣಿಗೂ ಗೊತ್ತಿರಲಿಲ್ಲ" ಎಂದಳು. ನಾನು ನಂಬಿದೆ. ಗೊತ್ತಿದ್ದರೂ ನಾನು ಬಿಡುತ್ತಿದ್ದೆನೇ ಎಂದು ನನ್ನನ್ನೇ ಕೇಳಿಕೊಂಡೆ, ಉತ್ತರ ಇಷ್ಟವಾಗಲಿಲ್ಲ. ಆ ಮದುಮಗಳ ಕಡೆ ತಿರುಗಿ, ಪಾರ್ಲರಿನಲ್ಲಿದ್ದವರಿಗೆಲ್ಲ ಕೇಳಿಸುವ ಹಾಗೆ, ನನಗೆ ಏನಾಗಿದೆ ಎಂದು ಹೇಳಿದೆ. ಅವಳು ಎದ್ದು ಹೋಗಲಿಲ್ಲ. ಆದರೆ ಪಾರ್ಲರಿನ ಮೇಜಿನ ಮೇಲಿದ್ದ ಅಂಥವೇ ಎರಡು ಡಬ್ಬಿಗಳನ್ನು ಮೇಡಂ ತಾನೇ ತೆಗೆದುಕೊಂಡು ಹೋಗಿ ನನ್ನ ಡಾಕ್ಟರಿಗೆ ಒಪ್ಪಿಸಿದಳೆಂದು ಆಮೇಲೆ ತಿಳಿಯಿತು.

ಕ್ರೀಮು ನಿಂತ ಮೇಲೆ ಬಣ್ಣ ಹೊಳ್ಳಿ ಬಂತು, ಬಂದದ್ದು ತುಂಡು ತುಂಡಾಗಿ. ಹಣೆಯ ಮೇಲೆ ಮೊದಲಿಗಿಂತ ಕಪ್ಪು ಮಚ್ಚೆ, ಕುತ್ತಿಗೆಯಲ್ಲಿ ಬಿಳಿ ಗೆರೆ. ಬಸ್ಸಿನಲ್ಲಿ ಜನ ತಿರುಗಿ ನೋಡುತ್ತಾರೆ. ಮೊದಲೂ ನೋಡುತ್ತಿದ್ದರು, ಅದಕ್ಕಾಗಿ ನಾನು ಏನೆಲ್ಲ ಮಾಡಿದ್ದೆ. ಈಗ ಕಮಲಾಪುರದಲ್ಲೇ ಮನೆಯಲ್ಲಿ ಬ್ಲೌಸು ಹೊಲಿಯುತ್ತೇನೆ. ಅಳತೆಗೆ ಬಂದ ಹುಡುಗಿಯರು, "ಅಕ್ಕಾ, ನಾ ಈ ಬಣ್ಣಕ್ಕ ಈ ಬಟ್ಟಿ ಹಾಕ್ಕೋಬಹುದೇನು?" ಎಂದು ಕೇಳಿದಾಗ ಟೇಪು ಕೆಳಗಿಟ್ಟು ನನ್ನ ಕಥೆ ಹೇಳುತ್ತೇನೆ. ಕೆಲವರು ಕೇಳುತ್ತಾರೆ. ಕೆಲವರ ಕಣ್ಣು ನನ್ನ ಹಣೆಯ ಮಚ್ಚೆಯ ಮೇಲೇ ಇರುತ್ತದೆ, ಅವರಿಗೆ ಭಯವಾಗುವುದು ಅದೊಂದಕ್ಕೇ ಎಂದು ನನಗೆ ಗೊತ್ತಾಗುತ್ತದೆ.

ವೈಶಾಲಿಗೆ ಬೇಗ ಗುಣವಾಯಿತು. ಅವಳು ಹಚ್ಚಿದ್ದು ಕಡಿಮೆ, ನಿಲ್ಲಿಸಿದ್ದೂ ತಕ್ಷಣ. ಅವಳ ಕೊನೆಯ ಪರೀಕ್ಷೆಯ ದಿನ ನಾವಿಬ್ಬರೂ ಒಂದೇ ಬಸ್ಸಿನಲ್ಲಿ, ಬೇರೆ ಬೇರೆ ಸೀಟಿನಲ್ಲಿ ಕೂತು ಕಲಬುರಗಿಗೆ ಹೋದೆವು. ಅವಳ ವರದಿಯಲ್ಲಿ ಸೋರಿಕೆ ಇರಲಿಲ್ಲ. ಡಾಕ್ಟರು, "ನೀ ಇನ್ನು ಬರೋ ಜರೂರಿ ಇಲ್ಲವ್ವ" ಎಂದು ಅವಳ ಫೈಲು ಮುಚ್ಚಿದರು. ನನ್ನದು ಇಳಿದಿತ್ತು, ನಿಂತಿರಲಿಲ್ಲ. ಪೂರ್ತಿ ನಿಲ್ಲುತ್ತದೆ ಎಂದು ಅವರು ಹೇಳಲಿಲ್ಲ, ನಿಲ್ಲುವುದಿಲ್ಲ ಎಂದೂ ಹೇಳಲಿಲ್ಲ. ತಿಂಗಳಿಗೊಮ್ಮೆ ಬಾ ಎಂದರು.

ಮುಂದಿನ ತಿಂಗಳು ನಾನೊಬ್ಬಳೇ ಹೋಗಿ ಅದೇ ಕಬ್ಬಿಣದ ಕುರ್ಚಿಯ ಮೇಲೆ ಕೂತಿದ್ದೆ. ಯಾರೋ ಬಂದು ಪಕ್ಕದಲ್ಲಿ ಕೂತರು. ನೋಡಿದರೆ ವೈಶಾಲಿ. ಶಾಲೆಯ ಸೀರೆಯಲ್ಲೇ ಇದ್ದಳು, ಬೆರಳಿಗೆ ಸೀಮೆಸುಣ್ಣದ ಪುಡಿ ಅಂಟಿತ್ತು. ಅರ್ಧ ದಿನ ರಜೆ ಹಾಕಿ ಆಮೇಲಿನ ಬಸ್ಸಿಗೆ ಬಂದಿದ್ದಳು. ಏಳು ತಿಂಗಳಿಂದ ಮಾತಾಡದವಳನ್ನು ಏನೆಂದು ಮಾತಾಡಿಸಲಿ? ಫೈಲನ್ನು ತೊಡೆಯ ಮೇಲೆ ಇಟ್ಟುಕೊಂಡೆ. ಒಳಗಿನಿಂದ ನರ್ಸು ಹೆಸರು ಕೂಗುತ್ತಲೇ ಇದ್ದಳು, ಒಬ್ಬೊಬ್ಬರಾಗಿ ಹೋಗಿ ಬರುತ್ತಿದ್ದರು. ನನ್ನ ಕಣ್ಣು ತುಂಬಿ ಏನೂ ಕಾಣುತ್ತಿರಲಿಲ್ಲ, ಏನೂ ಕೇಳುತ್ತಲೂ ಇರಲಿಲ್ಲ.

ಆಗ ಅವಳು ಎದುರಿನ ಗೋಡೆ ನೋಡುತ್ತಲೇ ಹೇಳಿದಳು:

"ನನ್ನ ಸಿಟ್ಟು ಇನ್ನಾ ಹೋಗಿಲ್ಲ. ಹೋಗ್ತದೋ ಇಲ್ಲೋ ಗೊತ್ತಿಲ್ಲ." ಆಮೇಲೆ ನನ್ನ ಫೈಲನ್ನು ತನ್ನ ಕೈಗೆ ತೆಗೆದುಕೊಂಡು ಎದ್ದು ನಿಂತಳು. "ನಿನ್ನ ಹೆಸರು ಕೂಗ್ಯಾರ. ಏಳು."